ತೂಕ ಕಡಿಮೆಯಿರುವ ಕೂಸಿಗೆ ವೈರಸ್ ತಡೆಯುವ ಶಕ್ತಿ ಇರುತ್ತದೆಯೇ?

ನವಜಾತ ಶಿಶುಗಳ ವಾರ್ಡಿನಲ್ಲಿ ಕೆಲಸ ಮಾಡುವ ನನ್ನನ್ನು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗಕ್ಕೆ ಬರುವ ಅಜ್ಜಿಯಂದಿರು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಕೇಳುತ್ತಾರೆ: "ಕೂಸು ಎರಡು ಕೆಜಿನೂ ಇಲ್ಲ, ಮಳೆಗಾಲ ಬೇರೆ, ಮನೇಲಿ ಎಲ್ಲರಿಗೂ ಶೀತ. ಇದಕ್ಕೆ ತಡ್ಕೊಳ್ಳೋ ಶಕ್ತಿ ಇರುತ್ತಾ ಮೇಡಂ? ಏನಾದ್ರೂ ಟಾನಿಕ್ ಬರೆದುಕೊಡ್ತೀರಾ?" ಶಕ್ತಿ ಇರುತ್ತದೆ, ಟಾನಿಕ್ ಬೇಡ. ಆದರೆ ಆ ಶಕ್ತಿ ಎಲ್ಲಿ ಕಡಿಮೆ ಎಂಬುದನ್ನು ಹೇಳದಿದ್ದರೆ ಈ ಉತ್ತರ ಅರ್ಧವಾಗುತ್ತದೆ.

ಹುಟ್ಟಿದಾಗ 2,500 ಗ್ರಾಮಿಗಿಂತ ಕಡಿಮೆ ತೂಗುವ ಶಿಶುವನ್ನು ಕಡಿಮೆ ತೂಕದ ಶಿಶು ಎನ್ನುತ್ತೇವೆ. ಅವುಗಳಲ್ಲಿ ಕೆಲವು 37 ವಾರ ತುಂಬುವ ಮೊದಲೇ ಹುಟ್ಟಿದವು, ಕೆಲವು ದಿನ ತುಂಬಿಯೂ ಗರ್ಭದಲ್ಲಿ ಸರಿಯಾಗಿ ಬೆಳೆಯದವು. ತಕ್ಕಡಿಯಲ್ಲಿ ಎರಡೂ ಒಂದೇ ತೂಕ ತೋರಿಸಿದರೂ, ರೋಗರಕ್ಷಣೆಯ ದೃಷ್ಟಿಯಿಂದ ಹೆಚ್ಚು ಕೊರತೆ ಇರುವುದು ಸಾಮಾನ್ಯವಾಗಿ ಬೇಗ ಹುಟ್ಟಿದ ಮಗುವಿಗೆ. ತಾಯಿಯ ಪ್ರತಿಕಾಯಗಳು, ಅಂದರೆ ರೋಗಾಣುಗಳನ್ನು ಗುರುತಿಸಿ ತಡೆಯುವ ಪ್ರೋಟೀನುಗಳು, ಮಾಸಿನ ಮೂಲಕ ಮಗುವಿಗೆ ಸೇರುವುದು ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. 28 ವಾರಕ್ಕೆ ಹುಟ್ಟಿದ ಮಗುವಿಗೆ ಅದರಲ್ಲಿ ಸಿಕ್ಕಿರುವುದು ಸ್ವಲ್ಪ ಪಾಲು ಮಾತ್ರ. ಹಾಗಾಗಿ ಅದು ಹುಟ್ಟಿನಿಂದಲೇ ಬಂದ ಸಹಜ ರಕ್ಷಣೆಯನ್ನೇ ಹೆಚ್ಚು ನೆಚ್ಚಿಕೊಳ್ಳಬೇಕಾಗುತ್ತದೆ.

ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಕಾಡುಹಂದಿ ಗದ್ದೆಗೆ ಇಳಿದಾಗ ಮೊದಲು ಕಂಡವರು ಕೂಗು ಹಾಕಿ ಅಕ್ಕಪಕ್ಕದವರನ್ನು ಎಬ್ಬಿಸುವ ಹಾಗೆ, ಅದು ಸುತ್ತಲಿನ ಕೋಶಗಳು ವೈರಸ್ಸಿಗೆ ಜಾಗ ಕೊಡದಂತೆ ಎಚ್ಚರಿಸುತ್ತದೆ. ಈ ಏರ್ಪಾಡು ನವಜಾತ ಶಿಶುವಿನಲ್ಲೂ ಇದೆ. ಆದರೆ ಇಂಟರ್‌ಫೆರಾನನ್ನು ಹೇರಳವಾಗಿ ತಯಾರಿಸಬೇಕಾದ ಒಂದು ಬಗೆಯ ಬಿಳಿ ರಕ್ತಕಣಗಳು ದೊಡ್ಡವರಲ್ಲಿ ಕೊಡುವಷ್ಟನ್ನು ಇಲ್ಲಿ ಕೊಡುವುದಿಲ್ಲ, ಬೇಗ ಹುಟ್ಟಿದವರಲ್ಲಿ ಇನ್ನೂ ಕಡಿಮೆ. ಸೋಂಕು ತಗಲಿದ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳ ಸಂಖ್ಯೆಗೆ ಬರವಿಲ್ಲದಿದ್ದರೂ ಅವುಗಳ ಕೊಲ್ಲುವ ಸಾಮರ್ಥ್ಯ ಕಡಿಮೆಯಿರುತ್ತದೆ. ಇದನ್ನು ದೋಷವೆಂದು ಕರೆಯಲು ನನಗೆ ಮನಸ್ಸಿಲ್ಲ. ಗರ್ಭದಲ್ಲಿ ತಾಯಿಯ ಕೋಶಗಳನ್ನು ಸಹಿಸಿಕೊಂಡು, ಉರಿಯೂತ ಎಬ್ಬಿಸದೆ ಇರಬೇಕಾದ ಮಗುವಿಗೆ ಆ ಸಂಯಮ ಬೇಕೇ ಇತ್ತು. ಹೊರಗೆ ಬಂದ ಮೇಲೆ ಅದು ಬದಲಾಗಲು ಸಮಯ ಬೇಕು, ಅಷ್ಟೇ.

ಅಲ್ಲಿಯವರೆಗೆ ಚರ್ಮ, ಮೂಗು ಮತ್ತು ಕರುಳಿನ ಒಳಪದರಗಳೇ ಮೊದಲ ಕಾವಲು. ಹುಟ್ಟಿದಾಗ ಮೈಮೇಲಿರುವ ಬೆಣ್ಣೆಯಂಥ ಬಿಳಿ ಲೇಪದಲ್ಲಿ ಸೂಕ್ಷ್ಮಾಣುಗಳನ್ನು ತಡೆಯುವ ಪ್ರೋಟೀನುಗಳಿರುತ್ತವೆ. ಅದನ್ನು ಉಜ್ಜಿ ತೆಗೆಯಬಾರದು. ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ಮುಂದೂಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ತೂಕ ಕಡಿಮೆಯಿದ್ದರೆ ನಾವು ಇನ್ನೂ ತಡ ಮಾಡಿಸುತ್ತೇವೆ. ಮಲೆನಾಡಿನ ಬಚ್ಚಲೊಲೆ, ಹಂಡೆನೀರಿನ ಎರೆಯುವಿಕೆಯ ಮೇಲೆ ನನಗೂ ಪ್ರೀತಿಯಿದೆ. ಆದರೆ ಅದು ಬಾಣಂತಿಗೆ ಇರಲಿ, ಕೂಸು ಕಾಯಲಿ. ಎರೆದ ಮೇಲೆ ಹಾಕುವ ಲೋಬಾನದ ಹೊಗೆಯನ್ನಂತೂ ನಿಲ್ಲಿಸಲೇಬೇಕು, ಏಕೆಂದರೆ ಶ್ವಾಸನಾಳದೊಳಗೆ ಲೋಳೆಯನ್ನೂ ಅದಕ್ಕಂಟಿದ ವೈರಸ್ಸನ್ನೂ ಹೊರದೂಡುವ ಸೂಕ್ಷ್ಮ ರೋಮಗಳಿಗೆ ಹೊಗೆ ಹಾನಿ ಮಾಡುತ್ತದೆ. ಮನೆಯಲ್ಲಿ ಎಷ್ಟೇ ಒಳ್ಳೆಯ ಕಾಡುಜೇನಿದ್ದರೂ ಒಂದು ವರ್ಷ ತುಂಬುವ ತನಕ ನೆಕ್ಕಿಸಬಾರದು.

ಟಾನಿಕ್ ಕೇಳುವವರಿಗೆ ನಾನು ತೋರಿಸುವುದು ಹಳದಿ ಬಣ್ಣದ ಮೊದಲ ಹಾಲನ್ನು. ಅದರಲ್ಲಿರುವ ಐಜಿಎ ಎಂಬ ಬಗೆಯ ಪ್ರತಿಕಾಯಗಳು, ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು ಮುಂತಾದವು ಮಗು ಇನ್ನೂ ಸಾಕಷ್ಟು ತಯಾರಿಸಲಾಗದ ರಕ್ಷಣೆಯನ್ನು ನೇರವಾಗಿ ಗಂಟಲಿಗೂ ಕರುಳಿಗೂ ಒದಗಿಸುತ್ತವೆ. ಚೀಪಲಾಗದ ಮಗುವಿಗೂ ಹಿಂಡಿದ ಹಾಲನ್ನು ಪಲಾಡೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲು) ಅಥವಾ ನಳಿಕೆಯಲ್ಲಿ ಕೊಡಬಹುದು. ಜೊತೆಗೆ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸುವ ಕಾಂಗರೂ ಆರೈಕೆ: 2022ರ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ ದಿನಕ್ಕೆ 8ರಿಂದ 24 ಗಂಟೆ. ಅಜ್ಜಿ, ಅಪ್ಪ ಕೂಡ ಮಾಡಬಹುದು, ಶೀತವಿಲ್ಲದಿದ್ದರೆ.

ದೊಡ್ಡವರಿಗೆ ಸಾಮಾನ್ಯವಾಗಿ ಬರೀ ನೆಗಡಿಯಾಗಿ ಹೋಗುವ ಆರ್‌ಎಸ್‌ವಿ ವೈರಸ್ ಇಂಥ ಮಗುವಿನ ಉಸಿರನ್ನೇ ನಡುನಡುವೆ ನಿಲ್ಲಿಸಬಲ್ಲದು. ಆಗ ಜ್ವರ ಬಂದೇ ಬರುತ್ತದೆಂದು ಕಾಯುವಂತಿಲ್ಲ. ಮೈ ತಣ್ಣಗಾಗುವುದೂ ಉಂಟು. ಹಾಲು ಕುಡಿಯುವುದನ್ನು ಬಿಟ್ಟರೆ, ಎದೆಗೂಡು ಒಳಗೆ ಸೆಳೆದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಆಶಾ ಕಾರ್ಯಕರ್ತೆಯ ಮುಂದಿನ ಭೇಟಿಗೆ ಕಾಯದೆ, ಕೂಸನ್ನು ಎದೆಗವಚಿಕೊಂಡೇ ಆಸ್ಪತ್ರೆಗೆ ಹೊರಡಿ.