ಮಂಗಳೂರಲ್ಲಿ ಮೀನು ತಿನ್ನುವ ಮೊದಲು ರೇಟು ಕೇಳಿ

ಮಂಗಳೂರಿನ ಕೆಲವು ಹೋಟೆಲ್‌ಗಳ ಮೆನುವಿನಲ್ಲಿ ದೊಡ್ಡ ಮೀನುಗಳ ಮುಂದೆ ರೇಟೇ ಇರುವುದಿಲ್ಲ. ‘ಸೈಜ್ ಪ್ರಕಾರ’ ಅಂತ ಬರೆದಿರುತ್ತಾರೆ. ಹಂಪನಕಟ್ಟೆ ಹತ್ತಿರ ಒಂದು ಎಸಿ ರೆಸ್ಟೋರೆಂಟಿಗೆ ಹೋದೆವು. ಮಸಾಲೆ ಮೆತ್ತಿದ ಹಸಿ ಮೀನುಗಳ ತಟ್ಟೆಯನ್ನೇ ಸಪ್ಲೈಯರ್ ಟೇಬಲ್‌ಗೆ ತಂದ. ಕಾಣೆ, ಅಂಜಲ್, ಮಾಂಜಿ (ಪಾಂಫ್ರೆಟ್) ಎಲ್ಲ ಇತ್ತು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಮಾಂಜಿ ತೋರಿಸಿದೆವು. ಬಿಲ್ಲಿನಲ್ಲಿ ಅದೊಂದಕ್ಕೇ 850 ರೂಪಾಯಿ! ಕೇಳಿದರೆ, “ಇವತ್ತಿನ ರೇಟು ಅದೇ ಸರ್” ಅಂದ. ಇರಬಹುದು. ತಟ್ಟೆ ಹಿಡಿದು ನಿಂತಾಗಲೇ ಹೇಳೋಕೆ ಏನಾಗಿತ್ತು?

ರೇಟು ದಿನಾ ಏರಿಳಿಯುವುದು ನಿಜವೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಸಿಗುವುದು ನಾಡದೋಣಿಯವರು ತಂದ ಅಷ್ಟಿಷ್ಟು, ಇಲ್ಲವೇ ಬೇರೆ ಕಡೆಯಿಂದ ಐಸ್‌ನಲ್ಲಿ ಬಂದದ್ದು. ಮೀನಿಗಾಗಿಯೇ ಹೋಗುವವರು ಮಳೆಗಾಲ ಮುಗಿಸಿಕೊಂಡು ಹೋಗಿ.

ಇನ್ನು ಹೊಟ್ಟೆ ತುಂಬ ತಿಂದದ್ದು ದಕ್ಕೆಯಲ್ಲಿ. ಹಳೇ ಬಂದರಿನ ಮೀನುಗಾರಿಕಾ ಜೆಟ್ಟಿಗೆ ಇಲ್ಲಿ ಹಾಗೇ ಹೇಳುವುದು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟಾಂಡಿನಿಂದ ನಡೆದೇ ಹೋಗಬಹುದು. ಬೆಳಿಗ್ಗೆ ಬೇಗ ಹೋದರೆ ಏಲಂ ನೋಡಬಹುದು. ಕಾಲಡಿ ಐಸ್ ನೀರು, ಮೀನಿನ ಪೊರೆ. ಚಪ್ಪಲಿ ಹಳೆಯದಿರಲಿ. ಬುಟ್ಟಿಗೆ ಬೂತಾಯಿ ಮೀನು ಸುರಿಯುತ್ತಿದ್ದ ಹುಡುಗರು ಒಡಿಶಾ, ಜಾರ್ಖಂಡ್ ಕಡೆಯವರು. ತಿನ್ನೋಕೆ ಬಾರದ ಪುಡಿ ಮೀನು ಲಾರಿ ಹತ್ತಿ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುತ್ತದೆ.

ಅಲ್ಲೇ ಪಕ್ಕದ ಓಣಿಯಲ್ಲಿ ಶೀಟಿನ ಮಾಡು, ನಾಲ್ಕೈದು ಬೆಂಚು, ಬೋರ್ಡೂ ಇಲ್ಲದ ಒಂದು ಊಟದ ಹೋಟೆಲು. ಬಡಿಸುವ ಅಕ್ಕ ಕೇಳುವುದು ಒಂದೇ ಪ್ರಶ್ನೆ: “ಕುಚ್ಚಲಕ್ಕಿಯಾ, ಬೆಳ್ತಿಗೆಯಾ?” ಬೆಳ್ತಿಗೆ ಅಂದರೆ ಬಿಳಿ ಅನ್ನ. ಕುಚ್ಚಲಕ್ಕಿ ಅನ್ನಿ. ದಪ್ಪ ಕೆಂಪು ಅನ್ನದ ಮೇಲೆ ಬಂಗುಡೆ ಸಾರು ಹಾಕುತ್ತಾರೆ. ಹುಳಿ, ಬ್ಯಾಡಗಿ ಮೆಣಸು, ತೆಂಗಿನಕಾಯಿ ನುಣ್ಣಗೆ ಅರೆದ ಸಾರು, ಮೇಲೆ ತೆಳ್ಳಗೆ ಎಣ್ಣೆ. ಬದಿಯಲ್ಲಿ ಒಂದು ಪಲ್ಯ, ಉಪ್ಪಿನಕಾಯಿ. ಕೇಳದೇ ಇದ್ದರೂ ಎರಡನೇ ಸಲ ಸಾರು ಬಂತು. ಕಾವಲಿಯಿಂದ ಆಗಷ್ಟೇ ತೆಗೆದ ಬೂತಾಯಿ ಫ್ರೈ ಸೇರಿ ಇಬ್ಬರದ್ದೂ 250 ದಾಟಲಿಲ್ಲ. ಹನ್ನೆರಡೂವರೆಗೇ ಹೋಗಿ, ಎರಡು ಗಂಟೆಗೆ ಪಾತ್ರೆ ಖಾಲಿ. ಕೈ ತೊಳೆಯುವ ಜಾಗ ಅಷ್ಟಕ್ಕಷ್ಟೇ. ಅದೆಲ್ಲ ನೋಡುವವರು ಎಸಿಗೇ ಹೋಗಿ.

ನೋಡುವ ಜಾಗಗಳಲ್ಲಿ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ ಬಿಡಬೇಡಿ. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ ಬಿಡಿಸಿದ ಚಿತ್ರಗಳು ಗೋಡೆ, ಮಾಡು ತುಂಬ ಇವೆ. ಕತ್ತು ನೋವು ಬರುತ್ತದೆ, ಬರಲಿ. ಪಣಂಬೂರು ಬೀಚಿಗೆ ಭಾನುವಾರ ಸಂಜೆ ಹೋಗಲೇಬೇಡಿ. ಜನ, ಚುರುಮುರಿ ಗಾಡಿ, ಒಂಟೆ ಸವಾರಿ, ನನಗಂತೂ ತಲೆ ಕೆಟ್ಟಿತು. ಪಕ್ಕದಲ್ಲೇ ನವಮಂಗಳೂರು ಬಂದರು. ಒಳಗೆ ಹೋಗೋಕೆ ಸರದಿ ಕಾಯುತ್ತ ದೂರದಲ್ಲಿ ನಿಂತ ಹಡಗುಗಳು ಕಾಣುವುದೊಂದೇ ಸಮಾಧಾನ. ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ಹೊಳೆ ದಾಟಿದರೆ ತಣ್ಣೀರುಬಾವಿ ಬೀಚು. ನನ್ನ ಓಟು ಅದಕ್ಕೆ.

ರೈಲಿನಲ್ಲಿ ಬರುವವರು ಟಿಕೆಟ್ ಒಮ್ಮೆ ನೋಡಿಕೊಳ್ಳಿ. ದೂರದ ಹಲವು ರೈಲುಗಳು ಪೇಟೆಯೊಳಗಿನ ಸೆಂಟ್ರಲ್‌ಗೆ ಬರುವುದಿಲ್ಲ, ಪಡೀಲ್ ಹತ್ತಿರದ ಜಂಕ್ಷನ್‌ನಲ್ಲೇ ಇಳಿಸುತ್ತವೆ. ಅಪರಾತ್ರಿ ಇಳಿದರೆ ಆಟೋದವರು ಬಾಯಿಗೆ ಬಂದಷ್ಟು ಕೇಳುತ್ತಾರೆ. ಬೆಳಗಾಗುವವರೆಗೆ ಪ್ಲಾಟ್‌ಫಾರ್ಮಿನಲ್ಲೇ ಕೂತು, ಆಮೇಲೆ ಸ್ಟೇಟ್‌ಬ್ಯಾಂಕ್ ಕಡೆಯ ಸಿಟಿ ಬಸ್ ಹಿಡಿಯಿರಿ.