ಹೀಲಿಯಂ ಸಿಲಿಂಡರ್ ಬಿಚ್ಚಿಟ್ಟ ದಿನ

ಸ್ಯಾಂಪಲ್ಲನ್ನು ಆವಿ ಮಾಡಿ, ಓವನ್ನಿನಲ್ಲಿರುವ ‘ಕಾಲಂ’ ಎಂಬ ಸಪೂರ ಕೊಳವೆಯಲ್ಲಿ ಅನಿಲದ ಜೊತೆ ಹರಿಸಿ ಘಟಕಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫನ್ನು ಹೀಲಿಯಂನಿಂದ ಹೈಡ್ರೋಜನ್‌ಗೆ ಬದಲಿಸಿದ ದಿನ ಬೆಳಗಿನ ಹೊತ್ತೆಲ್ಲ ಪೈಪಿನ ಕೆಲಸಕ್ಕೇ ಹೋಯಿತು. ಹೀಲಿಯಂ ಬರುತ್ತಿದ್ದ ಹಳೆಯ ತಾಮ್ರದ ಪೈಪನ್ನೇ ಜೋಡಿಸಿದಾಗ ಗ್ರಾಫಿನ ತಳದ ಗೆರೆಯಾದ ಬೇಸ್‌ಲೈನ್ ಏರುತ್ತಲೇ ಹೋಯಿತು. ಏನೂ ಇಂಜೆಕ್ಟ್ ಮಾಡದ ರನ್‌ನಲ್ಲೂ ಘಟಕಗಳನ್ನು ತೋರಿಸುವ ಶಿಖರಗಳು, ಅಂದರೆ ಪೀಕ್‌ಗಳು. ಪೈಪಿನ ಒಳಗೋಡೆಗೆ ವರ್ಷಗಟ್ಟಲೆ ಅಂಟಿಕೊಂಡ ಜಿಡ್ಡನ್ನು ಹೈಡ್ರೋಜನ್ ಎಬ್ಬಿಸಿಕೊಂಡು ಬರುತ್ತದೆ. ತೊಳೆದು ಬಂದ 1/8 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಎಳೆದ ಮೇಲೆಯೇ ಗೆರೆ ಕೆಳಗಿಳಿದದ್ದು. ಸೋರಿಕೆ ಹುಡುಕಲು ಸೋಪಿನ ನೀರು ಬೇಡ, ಅದು ಜಾಯಿಂಟಿನ ಒಳಗೂ ಸೇರುತ್ತದೆ. ಎಲೆಕ್ಟ್ರಾನಿಕ್ ಡಿಟೆಕ್ಟರೇ ಸರಿ.

ನೀರನ್ನು ಒಡೆದು ಹೈಡ್ರೋಜನ್ ತಯಾರಿಸುವ ಜನರೇಟರಿಗೆ ಡಿಅಯೋನೈಸ್ಡ್ (ಅಯಾನು ತೆಗೆದ) ನೀರು ಮಾತ್ರ. ನಲ್ಲಿ ನೀರಿನ ಅಯಾನುಗಳು ಮೆಂಬ್ರೇನ್ ಹಿಡಿದುಕೊಂಡರೆ ಅದು ಮತ್ತೆ ಚೇತರಿಸಿಕೊಳ್ಳದು. ಎಷ್ಟು ಗ್ಯಾಸ್ ಬೇಕೆಂಬ ಲೆಕ್ಕದಲ್ಲಿ ಸ್ಪ್ಲಿಟ್ (ಕಾಲಂಗೆ ಹೋಗದೆ ಹೊರಗೆ ಬಿಡುವ ಪಾಲು) ಮರೆತರೆ ಕೆಲಸ ಕೆಟ್ಟಿತು. ಕಾಲಂಗೆ ನಿಮಿಷಕ್ಕೆ 1.5 ಮಿ.ಲೀ., ಇಂಜೆಕ್ಷನ್ ಬಾಯಿಯ ರಬ್ಬರ್ ಮುಚ್ಚಳದ ಕೆಳಗೆ ಹರಿಯುವ ಸೆಪ್ಟಂ ಪರ್ಜ್‌ಗೆ 3, 50:1 ಸ್ಪ್ಲಿಟ್‌ಗೆ 75, ಎಫ್‌ಐಡಿ (ಹೈಡ್ರೋಜನ್ ಜ್ವಾಲೆಯಿಂದ ಘಟಕಗಳನ್ನು ಪತ್ತೆ ಮಾಡುವ ಡಿಟೆಕ್ಟರ್) ಜ್ವಾಲೆಗೆ 33.5: ಒಟ್ಟು 113. ಇಂಜೆಕ್ಷನ್ ಆಗಿ ಎರಡು ನಿಮಿಷಕ್ಕೆ ಗ್ಯಾಸ್ ಸೇವರ್ ಸ್ಪ್ಲಿಟ್ಟನ್ನು 20 ಮಿ.ಲೀ.ಗೆ ಇಳಿಸುತ್ತದೆ, ಆದರೂ ಜನರೇಟರನ್ನು 113ಕ್ಕೇ ಆರಿಸಬೇಕು. ಜ್ವಾಲೆಗೆ 33.5 ಯಾಕೆಂದರೆ ಕಾಲಂನ 1.5 ಸೇರಿ ಒಟ್ಟು ಹೈಡ್ರೋಜನ್ 35ರಲ್ಲೇ ನಿಲ್ಲಬೇಕು. 0.53 ಮಿ.ಮೀ. ಕಾಲಂನಲ್ಲಿ 8 ಮಿ.ಲೀ. ಹರಿಯುತ್ತಿದ್ದರೆ ಇಂಧನ 27 ಸಾಕು.

ಸಾಫ್ಟ್‌ವೇರಿನಲ್ಲಿ ಕ್ಯಾರಿಯರ್ ಗ್ಯಾಸ್ (ಸ್ಯಾಂಪಲ್ ಹೊತ್ತೊಯ್ಯುವ ಅನಿಲ) ಹೀಲಿಯಂ ಎಂದೇ ಉಳಿದಿತ್ತು. ಹೈಡ್ರೋಜನ್‌ನ ಸ್ನಿಗ್ಧತೆ ಹೀಲಿಯಂನ ಅರ್ಧಕ್ಕಿಂತ ಕಡಿಮೆ. ಮೆಶಿನ್ ಹೀಲಿಯಂಗೆ ತಕ್ಕ ಒತ್ತಡ ಕೊಡುತ್ತದೆ, ಕಾಲಂನಲ್ಲಿ ಎರಡು ಪಟ್ಟಿಗೂ ಮಿಕ್ಕಿ ಹರಿಯುತ್ತದೆ, ಪರದೆ ಮಾತ್ರ ಎಲ್ಲ ಸರಿ ಎನ್ನುತ್ತದೆ. ಅದನ್ನು ತಿದ್ದಿ, ಅನಿಲದ ವೇಗವನ್ನು ಸೆಕೆಂಡಿಗೆ 25 ಸೆಂ.ಮೀ.ನಿಂದ 40ಕ್ಕೆ ಏರಿಸಿ, ಓವನ್ ರ‍್ಯಾಂಪನ್ನೂ (ಉಷ್ಣತೆ ಏರುವ ವೇಗ) ಅದೇ 1.6 ಪಟ್ಟು ಹೆಚ್ಚಿಸಿ, ಹೋಲ್ಡ್ ಸಮಯವನ್ನು (ಒಂದೇ ಉಷ್ಣತೆಯಲ್ಲಿ ನಿಲ್ಲುವ ಹೊತ್ತು) ಅಷ್ಟೇ ಪಟ್ಟು ತಗ್ಗಿಸಿದಾಗ 18 ನಿಮಿಷದ ರನ್ 11 ಚಿಲ್ಲರೆಗೆ ಬಂತು. ಪೀಕ್‌ಗಳ ಸರದಿ ಕದಲಲಿಲ್ಲ. ರ‍್ಯಾಂಪ್ ಹಳೆಯದೇ ಇದ್ದಿದ್ದರೆ ಒತ್ತೊತ್ತಿಗಿರುವ ಜೋಡಿಗಳು ಅದಲುಬದಲಾಗಬಹುದಿತ್ತು.

ಡೈಕ್ಲೋರೋಮೀಥೇನ್ ದ್ರಾವಕದಲ್ಲಿ ಕರಗಿಸಿದ ಸ್ಯಾಂಪಲ್‌ಗಳಿದ್ದರೆ ಎಚ್ಚರ ಬೇಕು: ಸ್ಯಾಂಪಲ್ ಆವಿಯಾಗುವ ಬಿಸಿ ಇನ್ಲೆಟ್ಟಿನಲ್ಲಿ ಹೈಡ್ರೋಜನ್ ಜೊತೆ ಅದು ಹೈಡ್ರೋಕ್ಲೋರಿಕ್ ಆಮ್ಲವಾಗಿ ಇನ್ಲೆಟ್ಟಿನ ಒಳಕೊಳವೆಯಾದ ಲೈನರನ್ನೂ ಕಾಲಂನ ಬಾಯನ್ನೂ ತಿನ್ನುತ್ತದೆ. ಸಾಧ್ಯವಾದಲ್ಲಿ ದ್ರಾವಕವನ್ನೇ ಬದಲಿಸುವುದು ಮೇಲು.

ಓವನ್ ಒಂದೆರಡು ಸಲ ಕಾದು ತಣಿದ ಮೇಲೆ ಕಾಲಂನ ಜಾಯಿಂಟನ್ನು ಮುಚ್ಚುವ ವೆಸ್ಪೆಲ್ (ಒಂದು ಪ್ಲಾಸ್ಟಿಕ್) ಮಿಶ್ರಿತ ಫೆರೂಲ್ ಉಂಗುರ ಕುಗ್ಗುತ್ತದೆ, ನಟ್ಟನ್ನು ಮತ್ತೆ ಬಿಗಿ ಮಾಡಲೇಬೇಕು. ಗಾಳಿಯಲ್ಲಿ 4%ರಿಂದ 75%ವರೆಗೆ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಓವನ್ನಿನೊಳಗೆ ಕಾಲಂ ಮುರಿದರೆ ಕಿಡಿಗೆ ಹೀಟರೇ ಸಾಕು. ಹಾಗಾಗಿ ಸ್ಪ್ಲಿಟ್ ಮತ್ತು ಪರ್ಜ್ ವೆಂಟ್‌ಗಳ ಪೈಪನ್ನು ಎಗ್ಸಾಸ್ಟಿಗೆ ಬಿಟ್ಟೆವು, ಓವನ್ನಿಗೆ 1%ಕ್ಕೆ ಗ್ಯಾಸ್ ಕಡಿಯುವ ಸೆನ್ಸರ್ ಕೂರಿಸಿದೆವು. ಕಾಲಂ ಬಿಚ್ಚುವಾಗ ಮೊದಲು ಓವನ್ ತಣಿಯಲಿ, ಆಮೇಲೆ ಕ್ಯಾರಿಯರ್ ಮತ್ತು ಜ್ವಾಲೆ ಎರಡೂ ಗ್ಯಾಸ್ ಬಂದ್, ಕೊನೆಗೆ ನಟ್ಟಿಗೆ ಸ್ಪ್ಯಾನರ್.