ಬೆರಳು ಹಿಡಿಯದಿದ್ದರೆ ‘ನಾಳೆ ಬನ್ನಿ’ ಎನ್ನಬೇಡಿ

ಉಡುಪಿಯಲ್ಲಿ ಸೊಸೈಟಿಯ ರೇಶನ್ ಅಂಗಡಿ ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಕೌಂಟರಿಗೆ ಬರುವ ಹುಡುಗರು ಮಿಷನ್ ಒತ್ತುವುದನ್ನು ಬೇಗ ಕಲಿಯುತ್ತಾರೆ. ಅದು ಬೆರಳಚ್ಚು ಹಿಡಿಯದೇ ಹೋದಾಗ ಎದುರಿಗಿದ್ದವರಿಗೆ ಏನು ಹೇಳಬೇಕು ಎಂಬುದು ಮಾತ್ರ ಬೇಗ ಬರುವುದಿಲ್ಲ.

ಯಾರ ಬೆರಳು ಹಿಡಿಯುವುದಿಲ್ಲ ನೋಡಿ. ಗೇರುಬೀಜದ ಕಾರ್ಖಾನೆಯ ಹೆಂಗಸರದ್ದು. ಸಿಪ್ಪೆಯ ಎಣ್ಣೆ ತಾಗಿ ತಾಗಿ ಚರ್ಮ ಸುಟ್ಟು ಗೆರೆಗಳೇ ಅಳಿಸಿರುತ್ತವೆ. ಮಲ್ಪೆಯಲ್ಲಿ ದಿನವಿಡೀ ಐಸು, ಮೀನಿನಲ್ಲಿ ಕೈ ಇಟ್ಟವರದ್ದು. ಬಳ್ಳಿ ಸೀಳಿ ಬುಟ್ಟಿ ಹೆಣೆಯುವ ಕೊರಗ ಸಮುದಾಯದ ಅಜ್ಜಿಯಂದಿರದ್ದು. ಆಫೀಸಿನಲ್ಲಿ ಕೂತವರ ಬೆರಳು ಒಂದೇ ಸಲಕ್ಕೆ ಹಿಡಿಯುತ್ತದೆ. ಅವರಿಗೆ ಈ ಅಕ್ಕಿ ಬೇಕಿಲ್ಲ, ಬಿಡಿ.

2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅಂತ್ಯೋದಯ, ಅಂದರೆ ಕಡುಬಡವರ ಮನೆಗೆ ತಿಂಗಳಿಗೆ 35 ಕಿಲೋ, ಆದ್ಯತಾ (ಬಿಪಿಎಲ್) ಕುಟುಂಬಕ್ಕೆ ತಲೆಗೆ 5 ಕಿಲೋ ಧಾನ್ಯ ಹಕ್ಕು. 2017ರಲ್ಲಿ ಜಾರ್ಖಂಡಿನ ಸಿಮ್ಡೇಗಾದಲ್ಲಿ ಆಧಾರ್ ಜೋಡಿಸಿಲ್ಲವೆಂದು ಕಾರ್ಡು ರದ್ದಾದ ಮನೆಯ 11 ವರ್ಷದ ಹುಡುಗಿ ತೀರಿಕೊಂಡು ದೇಶವೆಲ್ಲ ಸುದ್ದಿಯಾಯಿತಲ್ಲ, ಆಮೇಲೆ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಇಲಾಖೆಯೇ ರಾಜ್ಯಗಳಿಗೆ ಬರೆಯಿತು: ಬೆರಳಚ್ಚು ಬರಲಿಲ್ಲ ಎಂದು ಯಾರಿಗೂ ಧಾನ್ಯ ತಪ್ಪಿಸಬೇಡಿ, ಬೇರೆ ಗುರುತು ನೋಡಿ ಪುಸ್ತಕದಲ್ಲಿ ಬರೆದು ಕೊಡಿ.

ಹಾಗಾಗಿ ಕೈ ತೊಳೆಸಿ ಒರೆಸಿ, ಬೇರೆ ಬೆರಳು ಇಡಿಸಿ, ಮನೆಯ ಇನ್ನೊಬ್ಬರನ್ನು ಕರೆಸಿ. ಓಟಿಪಿ ಇದೆ ನಿಜ, ಆದರೆ ಅದು ಬರುವ ನಂಬರಿನ ಫೋನು ಬೋಟಿಗೆ ಹೋದ ಮಗನ ಕಿಸೆಯಲ್ಲಿರುತ್ತದೆ. ಏನೂ ಆಗದಿದ್ದರೆ ಆಹಾರ ನಿರೀಕ್ಷಕರಿಗೆ ಆಗಲೇ, ಅಕ್ಕಿಗೆ ಬಂದವರ ಎದುರೇ ಫೋನ್ ಮಾಡಿ.

ಬಾಗಲಕೋಟೆ, ಕೊಪ್ಪಳದಿಂದ ಕೂಲಿಗೆ ಬಂದವರ ಕಾರ್ಡು ಊರಿನದ್ದಾದರೂ ಇಲ್ಲೇ ಅಕ್ಕಿ ಸಿಗುತ್ತದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಹೊರಗಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಜೋಳ, ನಮ್ಮವರಿಗೆ ಕುಚ್ಚಲಕ್ಕಿ. ಚೀಲ ಬಿಚ್ಚಿದರೆ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ! ಆ ಜಗಳ ಬೇರೆಯೇ ಇದೆ.

ಸರ್ವರ್ ನಿಂತ ದಿನ ಒಬ್ಬ ಅಕ್ಕ ಹೇಳಿದ್ದು: “ಅಣ್ಣಾರ, ನಾಳಿ ಬಂದ್ರ ನಾಳಿ ಪಗಾರ ಹೋಗತೈತ್ರಿ.” ಒಂದು ದಿನದ ಕೂಲಿ ಬಿಟ್ಟು ಬಂದರೆ ಪುಕ್ಕಟೆ ಅಕ್ಕಿ ಎಲ್ಲಿ ಪುಕ್ಕಟೆ?

ಈಗ ನಮ್ಮಲ್ಲಿ ಬೆಳಿಗ್ಗೆ ಕೂಲಿಗೆ ಹೊರಟವರಿಗೆ ಮೊದಲು ತೂಗುತ್ತೇವೆ. ಸಾಲಿನಲ್ಲಿ ಕೆಲವರು ಗೊಣಗುತ್ತಾರೆ. ಗೊಣಗಲಿ.